ನೀರ ಮೇಲಿನ ಗೆರೆ ಕಾಯುವವರು

ಮಲ್ಪೆ ಬಂದರನ್ನು ಜೂನ್ ತಿಂಗಳಲ್ಲಿ ನೋಡಬೇಕು. ಬೇರೆ ದಿನಗಳಲ್ಲಿ ಕಾಲಿಡಲು ಜಾಗವಿರದ ದಕ್ಕೆಯಲ್ಲಿ ಆಗ ಕೇಳುವುದು ಎರಡೇ ಸದ್ದು: ಮಳೆಯದು ಮತ್ತು ಗಾಳಿಗೆ ಪಟಪಟ ಬಡಿಯುವ ತಾರ್ಪಾಲಿನದು. ಬೋಟುಗಳು ಮೈಗೆ ಮೈ ತಾಗಿಸಿಕೊಂಡು ಎಷ್ಟು ಒತ್ತಾಗಿ ನಿಂತಿರುತ್ತವೆಂದರೆ, ಈ ಕಡೆ ಹತ್ತಿದವನು ಪಾದ ಒದ್ದೆಯಾಗದೆ ಆ ಕಡೆ ಇಳಿಯಬಹುದು. ಒಡಿಶಾ, ಜಾರ್ಖಂಡ್, ಆಂಧ್ರದ ಖಲಾಸಿಗಳು ಊರಿಗೆ ಹೋಗಿರುತ್ತಾರೆ. ಉಳಿದವರು ಶೆಡ್ಡಿನ ನೆಲದ ಮೇಲೆ ಬಲೆ ಹರವಿಕೊಂಡು ಕೂತಿರುತ್ತಾರೆ. ಕೈಯಲ್ಲಿ ನೂಲು ಸುತ್ತಿದ ಪ್ಲಾಸ್ಟಿಕ್ ಸೂಜಿ. ಹರಿದ ಕಣ್ಣು ಹುಡುಕುವುದು, ನೂಲು ದಾಟಿಸುವುದು, ಬೆರಳಲ್ಲೇ ಅಳತೆ ಹಿಡಿದು ಗಂಟು ಬಿಗಿಯುವುದು, ಮತ್ತೆ ಮುಂದಿನ ಕಣ್ಣು. ನೋಡುವವರಿಗೆ ಬೇಸರ ಬರಬೇಕು, ಅವರಿಗೆ ಬರುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲವೆಂದರೆ ಬಹುಪಾಲು ಮೀನುಗಳು ಮೊಟ್ಟೆಯಿಡುವ ಕಾಲ. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ‘ಕಡಲ ರಕ್ಷಿತ ಪ್ರದೇಶ’ ಎಂಬ ಮಾತು ಕಿವಿಗೆ ಬಿದ್ದರೆ ಹುಬ್ಬು ಗಂಟಿಕ್ಕುವ ಇದೇ ಕರಾವಳಿ ಪ್ರತಿವರ್ಷ ಎರಡು ತಿಂಗಳ ಮಟ್ಟಿಗೆ ಇಡೀ ಕಡಲನ್ನೇ ರಕ್ಷಿತ ಪ್ರದೇಶ ಮಾಡಿ ಕೂರುತ್ತದೆ. ಗೊಣಗಾಟ ಇದ್ದೇ ಇದೆ, ಕದ್ದು ಹೋಗುವವರೂ ಇದ್ದಾರೆ. ಆದರೂ ಗೆರೆ ಅಳಿಸಿಹೋಗಿಲ್ಲ.

ಸರಕಾರಿ ಆದೇಶಗಳು ನೀರ ಮೇಲಿನ ಬರಹವಾಗುವುದೇ ರೂಢಿಯಾಗಿರುವ ನಾಡಿನಲ್ಲಿ ಇದೊಂದು ಹೇಗೆ ನಿಂತಿತು? ಆ ಎರಡು ತಿಂಗಳು ಕಡಲೇ ಕೈ ಅಡ್ಡ ಹಿಡಿದಿರುತ್ತದೆ ಎನ್ನುವುದು ಮೊದಲ ಉತ್ತರ. ಅಳಿವೆಯಲ್ಲಿ ಏಳುವ ತೆರೆ ದಾಟುವುದು ಹುಡುಗಾಟವಲ್ಲ. ಕಾನೂನಿಗಿಂತ ಹಳೆಯದಾದ ರೂಢಿಯೂ ಬೆನ್ನಿಗಿದೆ. ನೂಲಹುಣ್ಣಿಮೆಯ ಹೊತ್ತಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆಯೇ ಹೊಸ ಋತು ಎಂಬ ಲೆಕ್ಕ ಮೊಗವೀರರ ಪಟ್ಣಗಳಲ್ಲಿ ಇಂದಿಗೂ ಇದೆ. ಇವೆರಡಕ್ಕಿಂತ ಗಟ್ಟಿ ಕಾರಣ ಇನ್ನೊಂದು. ಈ ಗೆರೆ ದೊಡ್ಡ ಬೋಟಿನವನ ಮೇಲೆ ಮೊದಲು ಬೀಳುತ್ತದೆ, ಪಾತಿದೋಣಿಯವನನ್ನು ಬಿಟ್ಟುಬಿಡುತ್ತದೆ. ಪಕ್ಕದವನ ಬೋಟೂ ಕಟ್ಟಿಹಾಕಿದೆ ಎಂದು ಕಣ್ಣಾರೆ ಕಾಣುವಾಗ ತನ್ನದು ಕಟ್ಟಿಹಾಕಿದ ಸಂಕಟ ಅಷ್ಟು ಚುಚ್ಚುವುದಿಲ್ಲ.

ಅದು ಕಾಲದ ಗೆರೆ. ಈಗ ಜಗತ್ತು ಕೇಳುತ್ತಿರುವುದು ಜಾಗದ ಗೆರೆ. 2030ರೊಳಗೆ ನೆಲದ ಶೇ 30 ಮತ್ತು ಕಡಲಿನ ಶೇ 30 ಭಾಗವನ್ನು ರಕ್ಷಣೆಯಡಿ ತರಬೇಕೆಂದು 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿಕೊಂಡವು, ಭಾರತವೂ ಅದರಲ್ಲಿದೆ. ಅಲ್ಲಿಂದಾಚೆ ನಕಾಶೆಯ ಮೇಲೆ ನೀಲಿ ಚೌಕಗಳು ಹೆಚ್ಚುತ್ತಿವೆ. ಆದರೆ ಜಾಗದ ಗೆರೆಯ ಗುಣವೇ ಬೇರೆ. ನೂರಾರು ಅಶ್ವಶಕ್ತಿಯ ಟ್ರಾಲ್ ಬೋಟು ಹತ್ತು ಮೈಲಿ ಆಚೆ ಹೋಗಿ ಬಲೆ ಬಿಡುತ್ತದೆ. ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಬದುಕು ಕಟ್ಟಿಕೊಂಡ ನಾಡದೋಣಿಯವನು ಎಲ್ಲಿಗೆ ಹೋಗಬೇಕು? ಹಾನಿ ಮಾಡಿದವನು ಸುತ್ತುಬಳಸಿ ದಾಟಿಹೋಗಿ, ಅಷ್ಟಕ್ಕಷ್ಟೇ ಹಿಡಿಯುವವನು ಸಿಕ್ಕಿಬೀಳುವ ಬಲೆ ಇದು. ಕಣ್ಣು ದೊಡ್ಡದೋ ಚಿಕ್ಕದೋ ಎಂದು ಬಲೆಗೆ ಕೇಳುವ ಪ್ರಶ್ನೆಯನ್ನು ಈ ಗೆರೆಗೂ ಕೇಳಬೇಕಾಗಿದೆ.

ಆ ಪ್ರಶ್ನೆ ಈಗ ಹೊನ್ನಾವರದ ಬಾಗಿಲಿಗೆ ಬಂದಿದೆ. ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ಕಡಲಪಟ್ಟಿ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮವೆಂದು ಗುರುತಾಗಿದೆ. ವಿಸ್ತೀರ್ಣ ಸುಮಾರು 6 ಸಾವಿರ ಹೆಕ್ಟೇರ್, ಅದರಲ್ಲಿ ಹೆಚ್ಚಿನದು ನೀರೇ. ಕರ್ನಾಟಕಕ್ಕೆ ಇದು ಹೊಸ ಅನುಭವ. ಆದರೆ ದೇಶಕ್ಕೆ ಹೊಸದಲ್ಲ.

ಮಾಲ್ವಣದ ಕಾಗದ

ಕಾರವಾರದಿಂದ ಗೋವಾ ದಾಟಿದರೆ ಸಿಗುವ ಊರು ಮಾಲ್ವಣ. ಶಿವಾಜಿ ಕಟ್ಟಿಸಿದ ಸಿಂಧುದುರ್ಗ ಕೋಟೆಯ ಸುತ್ತಲಿನ ಬಂಡೆ, ಹವಳ, ಪಾಚಿಯ ನೀರನ್ನು ಮಹಾರಾಷ್ಟ್ರ ಸರಕಾರ 1987ರಲ್ಲಿ ಕಡಲ ಅಭಯಾರಣ್ಯವೆಂದು ಸಾರಿತು. 29 ಚದರ ಕಿ.ಮೀ. ಚಿಲ್ಲರೆ ಜಾಗ, ಅದರ ನಡುವೆ 3 ಚದರ ಕಿ.ಮೀ. ಗರ್ಭಭಾಗ. ದೊಡ್ಡದೇನಲ್ಲ. ಆದರೆ ತಲೆಮಾರುಗಳಿಂದ ಅಲ್ಲೇ ಬಲೆ ಬೀಸಿದವರಿಗೆ ವಿಷಯ ಗೊತ್ತಾಗಿದ್ದು ಗೆರೆ ಎಳೆದಾದ ಮೇಲೆ. ಊರು ತಿರುಗಿಬಿತ್ತು. ಅಂದಿನಿಂದ ಅದು ಹೆಚ್ಚಾಗಿ ಕಾಗದದ ಮೇಲಿನ ಅಭಯಾರಣ್ಯವಾಗಿಯೇ ಉಳಿಯಿತು: ಮೀನಿಗೂ ಅಭಯ ಸಿಗಲಿಲ್ಲ, ಮೀನುಗಾರನಿಗೂ ಸಿಗಲಿಲ್ಲ.

ತಮಾಷೆಯೆಂದರೆ, ಇದೇ ಮಾಲ್ವಣದವರು ಕಡಲು ಉಳಿಸಲು ಬೀದಿಗಿಳಿದವರೂ ಹೌದು. ಮೀನಿನ ಹಿಂಡನ್ನೇ ಸುತ್ತಿ ಎತ್ತುವ ಪರ್ಸೀನ್ ಬಲೆಗಳ ವಿರುದ್ಧ, ಹೊರಗಿನಿಂದ ಬರುವ ಅತಿವೇಗದ ಟ್ರಾಲರ್‌ಗಳ ವಿರುದ್ಧ ಅವರ ಹೋರಾಟ ವರ್ಷಗಟ್ಟಲೆ ನಡೆಯಿತು. 2016ರಲ್ಲಿ ಮಹಾರಾಷ್ಟ್ರ ಪರ್ಸೀನ್ ಮೀನುಗಾರಿಕೆಗೆ ಕಡಿವಾಣ ಹಾಕಿದ್ದರ ಹಿಂದೆ ಸಾಂಪ್ರದಾಯಿಕ ಮೀನುಗಾರರ ಒತ್ತಡ ಇತ್ತು. ಅವರು ದೂರುವ ‘ಹೊರಗಿನ ಟ್ರಾಲರ್’ಗಳಲ್ಲಿ ನಮ್ಮ ಮಲ್ಪೆಯ ಬೋಟುಗಳೂ ಸೇರಿವೆ ಎಂಬುದನ್ನು ಇಲ್ಲಿ ನುಂಗಿಕೊಂಡು ಹೋಗುವುದು ಸರಿಯಲ್ಲ. ಮೀನುಗಾರರ ಹಿತ ಎಂದಾಗ ಯಾವ ಮೀನುಗಾರರ ಹಿತ ಎಂದು ಕೇಳದಿದ್ದರೆ ಚರ್ಚೆ ದಡ ಸೇರುವುದಿಲ್ಲ.

ಒಡಿಶಾದ ಗಹಿರ್‌ಮಠದಲ್ಲಿ ಕಥೆ ಇನ್ನೊಂದು ತುದಿ. 1997ರಲ್ಲಿ ಘೋಷಣೆಯಾದ ಈ ಅಭಯಾರಣ್ಯದ ವಿಸ್ತೀರ್ಣ 1,435 ಚದರ ಕಿ.ಮೀ. ಲಕ್ಷಗಟ್ಟಲೆ ಆಲಿವ್ ರಿಡ್ಲೆ ಆಮೆಗಳು ಒಟ್ಟಿಗೆ ದಡ ಹತ್ತಿ ಮೊಟ್ಟೆಯಿಡುವ, ಜಗತ್ತಿನಲ್ಲೇ ಅಪರೂಪದ ಜಾಗ. ಇಲ್ಲಿ ಗೆರೆ ಕಾಗದದ ಮೇಲೆ ಉಳಿಯಲಿಲ್ಲ. ಗಸ್ತು ದೋಣಿ, ಪೊಲೀಸು, ಬಂಧನ ಎಲ್ಲವೂ ಬಂತು. ಧಾಮ್ರಾ, ದೇವಿ, ಋಷಿಕುಲ್ಯಾ ಅಳಿವೆಗಳ ಬಳಿಯೂ ನವೆಂಬರ್‌ನಿಂದ ಮೇ ಕೊನೆಯವರೆಗೆ ಏಳು ತಿಂಗಳ ನಿಷೇಧ ಇದೆ. ಆಮೆಗೆ ಉಸಿರಾಡಲು ಆಗಾಗ ನೀರಿನ ಮೇಲೆ ಬರಲೇಬೇಕು. ಟ್ರಾಲ್ ಬಲೆಯೊಳಗೆ ಸಿಕ್ಕಿದರೆ ಮುಳುಗಿ ಸಾಯುತ್ತದೆ. ಆದ್ದರಿಂದ ಕಾವಲು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷದ ಏಳು ತಿಂಗಳು ಎಂದರೆ ಮೀನುಗಾರಿಕೆಯ ಋತುವಿನ ಬಹುಭಾಗ. ಸಣ್ಣ ದೋಣಿಯವರಿಗೆ ಸಿಗುವ ಪರಿಹಾರ ಆ ತಿಂಗಳುಗಳಿಗೆ ಹಂಚಿದರೆ ಚಹದ ಖರ್ಚಿಗೆ ಸಾಲದು. ಅದೇ ಕಡಲಿನ ಮಗ್ಗುಲಲ್ಲಿ ಕ್ಷಿಪಣಿ ಪರೀಕ್ಷೆಯ ನೆಲೆ ಇದೆ. ಆಮೆ ಬಂತೆಂದು ತನ್ನ ಬಲೆಯನ್ನು ಮಾತ್ರ ಮಡಚಿಸುತ್ತಾರೆ ಎಂದು ಅಲ್ಲಿನ ಮೀನುಗಾರನಿಗೆ ಅನ್ನಿಸಿದರೆ ತಪ್ಪೆನ್ನಲಾಗದು.

ಬಟ್ಟೆ ಸುತ್ತಿದ ಬೆರಳು

ತಮಿಳುನಾಡಿನ ಮನ್ನಾರ್ ಕೊಲ್ಲಿ ಈ ಎರಡರ ನಡುವೆ ಬೇರೊಂದು ದಾರಿ ತೋರಿಸುತ್ತದೆ. ರಾಮೇಶ್ವರದಿಂದ ತೂತ್ತುಕುಡಿವರೆಗೆ ಸರದಲ್ಲಿ ಪೋಣಿಸಿದಂತಿದ್ದ 21 ನಡುಗಡ್ಡೆಗಳನ್ನು ಸೇರಿಸಿ 1986ರಲ್ಲಿ 560 ಚದರ ಕಿ.ಮೀ.ನ ಕಡಲ ರಾಷ್ಟ್ರೀಯ ಉದ್ಯಾನವಾಯಿತು. ‘ಇದ್ದ’ ಎಂದದ್ದಕ್ಕೆ ಕಾರಣವಿದೆ. ಅವುಗಳಲ್ಲಿ ಎರಡು ಈಗ ನೀರಿನಡಿ ಸೇರಿವೆ. ಸುತ್ತಲಿನ ಹವಳದ ದಿಬ್ಬಗಳನ್ನು ಒಡೆದು ಸುಣ್ಣಕ್ಕೆ, ಕಟ್ಟಡಕ್ಕೆ ಸಾಗಿಸಿದ್ದು ಅದಕ್ಕೊಂದು ಮುಖ್ಯ ಕಾರಣ. ಹವಳ ಒಡೆದವರಲ್ಲಿ ಸ್ಥಳೀಯರೂ ಇದ್ದರು. ದಡದ ಮನುಷ್ಯ ಯಾವತ್ತೂ ಪ್ರಕೃತಿಯ ಮಡಿಲ ಮಗು ಎಂಬ ಹಾಡು ಹಾಡುವವರು ಇದನ್ನು ಮರೆಯಬಾರದು.

ಇದೇ ನಡುಗಡ್ಡೆಗಳ ಸುತ್ತ ಸೊಂಟದಾಳ, ಎದೆಯಾಳದ ನೀರಲ್ಲಿ ಹೆಂಗಸರು ಮುಳುಗಿ ಕಡಲಪಾಚಿ ಕೀಳುತ್ತಾರೆ. ಬೆರಳಿಗೆ ಬಟ್ಟೆ ಬಿಗಿಯಾಗಿ ಸುತ್ತಿಕೊಂಡಿರುತ್ತಾರೆ, ಇಲ್ಲದಿದ್ದರೆ ಹವಳದ ಅಂಚು ಸೀಳುತ್ತದೆ. ಕಣ್ಣಿಗೊಂದು ಕನ್ನಡಕ, ಸೊಂಟಕ್ಕೆ ಚೀಲ, ಸೀರೆಯ ಮೇಲೊಂದು ಅಂಗಿ. ಉಸಿರು ಕಟ್ಟಿ ಕೆಳಗಿಳಿದು, ಕೈತುಂಬ ಕಿತ್ತು, ಮೇಲೆದ್ದು ಉಸಿರೆಳೆದು ಮತ್ತೆ ಕೆಳಗೆ. ಅವರು ಹುಡುಕುವ ಬೆಲೆಬಾಳುವ ಪಾಚಿಯ ಹೆಸರು ಮರಿಕ್ಕೊಳುಂದು; ತಮಿಳಿನಲ್ಲಿ ದವನಕ್ಕೂ ಅದೇ ಹೆಸರು. ಒಣಗಿಸಿ ಮಾರಿದರೆ ಕಾರ್ಖಾನೆ ಸೇರಿ ಅಗರ್ ಆಗುತ್ತದೆ, ಮಿಠಾಯಿಯಿಂದ ಪ್ರಯೋಗಾಲಯದ ತಟ್ಟೆಯವರೆಗೆ ಎಲ್ಲೆಲ್ಲೋ ಹೋಗುತ್ತದೆ.

ಉದ್ಯಾನದ ಕಾಯ್ದೆ ಬಿಗಿಯಾದಾಗ ಈ ಹೆಂಗಸರು ರಾತ್ರೋರಾತ್ರಿ ಅತಿಕ್ರಮಿಗಳಾದರು. ದಂಡ, ಬೈಗುಳ, ಕಿತ್ತ ಪಾಚಿಯ ಜಪ್ತಿ. ಅವರು ಸಂಘ ಕಟ್ಟಿದರು, ಅಧಿಕಾರಿಗಳೊಡನೆ ಕುಳಿತು ಮಾತಾಡಿದರು, ಅದರ ಜತೆಗೆ ತಮಗೇ ತಾವು ನಿಯಮ ಹಾಕಿಕೊಂಡರು. ತಿಂಗಳಿಗೆ 12 ದಿನ ಮಾತ್ರ ಕೀಳುವುದು, ಪಾಚಿ ಬೆಳೆಯುವ ಬೇಸಿಗೆಯ ಹೊತ್ತಿನಲ್ಲಿ ಕೆಲವು ವಾರ ಪೂರ್ತಿ ನಿಲ್ಲಿಸುವುದು. ಅವರ ಮುಂದಾಳು, ಪಾಂಬನ್ ಬಳಿಯ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಮಾತ್ರಕ್ಕೆ ಹಕ್ಕು ಬರಲಿಲ್ಲ, ಕಾನೂನಿನ ಕಣ್ಣಲ್ಲಿ ಅವರ ಕಸುಬು ಇನ್ನೂ ತೂಗುಯ್ಯಾಲೆಯಲ್ಲೇ ಇದೆ. ಆದರೂ ತಿಂಗಳಿಗೆ ಹದಿನೆಂಟು ದಿನ ನೀರಿಗಿಳಿಯದೆ ಕೂರುವ ನಿರ್ಧಾರವನ್ನು ಯಾವ ಗಸ್ತು ದೋಣಿಯೂ ಹೇರಿದ್ದಲ್ಲ.

ಒಬ್ಬ ನಿಂತು ನೋಡುವಷ್ಟು ಕಡಲು

ಕಡಲ ಸಂರಕ್ಷಣೆಯ ಮಾತು ಎಲ್ಲಿ ಬಂದರೂ ಫಿಲಿಪ್ಪೀನ್ಸ್‌ನ ಅಪೊ ನಡುಗಡ್ಡೆಯ ಹೆಸರು ಬರುತ್ತದೆ, ಬರಬೇಕಾದದ್ದೇ. ಡೈನಮೈಟು, ಸಯನೈಡು ಬಳಸಿ ಹಿಡಿಯುವ ರೂಢಿ ಹಬ್ಬಿ ಮೀನು ಕಡಿಮೆಯಾಗಿದ್ದ ಹೊತ್ತಿನಲ್ಲಿ, 1970ರ ದಶಕದ ಕೊನೆಗೆ, ಸಿಲ್ಲಿಮನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಆಂಜೆಲ್ ಅಲ್ಕಾಲಾ ಅಲ್ಲಿಗೆ ಹೋದರು. ಹೋದವರು ಗೆರೆ ಎಳೆಯಲಿಲ್ಲ. ಸುಮಾರು ಮೂರು ವರ್ಷ ಮಾತಾಡಿದರು. 1982ರಲ್ಲಿ ಕೆಲವೇ ಕುಟುಂಬಗಳು ಒಪ್ಪಿ, 450 ಮೀಟರ್ ಉದ್ದದ ದಡದ ಮುಂದಿನ ನೀರನ್ನು ಬಿಟ್ಟುಕೊಟ್ಟವು. ಇಡೀ ಹವಳದಿಬ್ಬದ ಹತ್ತನೇ ಒಂದು ಪಾಲು, ದಡದಲ್ಲಿ ನಿಂತ ಒಬ್ಬ ಮನುಷ್ಯ ಕಣ್ಣು ಹಾಯಿಸಿ ಕಾಯಬಹುದಾದಷ್ಟು ಜಾಗ. ಕೆಲವು ವರ್ಷಗಳಲ್ಲಿ ಒಳಗಿನ ಮೀನು ದಪ್ಪವಾಯಿತು, ಸಂಖ್ಯೆ ಹೆಚ್ಚಿತು, ಗೆರೆ ದಾಟಿ ಹೊರಗೂ ಬಂತು. ಅದನ್ನು ಕಂಡ ಮೇಲೆ 1985ರಲ್ಲಿ ಇಡೀ ದ್ವೀಪದ ಸುತ್ತ ವಿನಾಶಕಾರಿ ಮೀನುಗಾರಿಕೆಗೆ ಊರವರೇ ತಡೆ ಹಾಕಿದರು.

ಅಲ್ಲಿಗೆ ಹತ್ತಿರದ ಸುಮಿಲಾನ್ ದ್ವೀಪದಲ್ಲಿ 1974ರಿಂದಲೇ ಇಂಥದೊಂದು ಮೀಸಲು ಇತ್ತು. 1984ರಲ್ಲಿ ಸ್ಥಳೀಯ ಆಡಳಿತ ಬದಲಾಯಿತು, ಕಾವಲು ಬಿಟ್ಟುಹೋಯಿತು. ಹಿಡಿಯಲು ಹೆಚ್ಚು ಜಾಗ ಸಿಕ್ಕರೆ ಹೆಚ್ಚು ಮೀನು ಸಿಗಬೇಕಲ್ಲ? ಆಗಿದ್ದು ತಿರುಗುಮುರುಗು: ಕೆಲವೇ ವರ್ಷಗಳಲ್ಲಿ ಒಟ್ಟು ಹಿಡಿತ ಅರ್ಧಕ್ಕೂ ಕೆಳಗಿಳಿಯಿತು. ಸಂರಕ್ಷಣೆ ಬೇಡವೆನ್ನುವವರ ಮುಂದೆ ಇಡಲು ಇದಕ್ಕಿಂತ ನೇರ ಪುರಾವೆ ಸಿಗುವುದು ಕಷ್ಟ.

ಅಪೊ ಕಥೆಗೂ ಬಾಲವಿದೆ. 1994ರಲ್ಲಿ ಅದು ರಾಷ್ಟ್ರೀಯ ರಕ್ಷಿತ ಪ್ರದೇಶವಾದ ಮೇಲೆ ತಮ್ಮ ಕೈಯಲ್ಲಿದ್ದ ಹಿಡಿತ ತಪ್ಪಿತು, ಪ್ರವಾಸಿಗರ ಶುಲ್ಕ ರಾಜಧಾನಿಯ ದಾರಿ ಹಿಡಿಯಿತು ಎಂಬ ಅಸಮಾಧಾನ ಎದ್ದಿತು. 2011ರ ಡಿಸೆಂಬರ್‌ನ ಚಂಡಮಾರುತ ಆ 450 ಮೀಟರ್‌ನ ಹವಳವನ್ನೇ ನೆಲಸಮ ಮಾಡಿತು. ಮನುಷ್ಯರ ನಡುವಿನ ಒಪ್ಪಂದ ಬಿರುಗಾಳಿಗೆ ಲೆಕ್ಕವಿಲ್ಲ.

ಹಾಗೆಂದು ಅಪೊವನ್ನು ತಂದು ನಮ್ಮ ಕಡಲಿಗೆ ಅಂಟಿಸಲಾಗದು. ಮೀನಿನ ಸ್ವಭಾವ ನೋಡಬೇಕು. ಬಂಗುಡೆ, ಬೂತಾಯಿ – ಉತ್ತರ ಕನ್ನಡದವರ ತಾರ್ಲೆ – ಹಿಂಡು ಕಟ್ಟಿ ಅಲೆಯುವ ಜಾತಿ, ಒಂದು ಚೌಕದಲ್ಲಿ ನಿಲ್ಲುವುದಿಲ್ಲ. ಅವಕ್ಕೆ ಕಾಲದ ಗೆರೆ, ಬಲೆಯ ಕಣ್ಣಿನ ಅಳತೆ, ಮರಿಮೀನು ಹಿಡಿಯದ ನಿಯಮ ಉಪಯೋಗ. ಕೇರಳ 2015ರಲ್ಲಿ ಇಂತಿಂಥ ಮೀನು ಇಷ್ಟುದ್ದಕ್ಕಿಂತ ಚಿಕ್ಕದಿದ್ದರೆ ಹಿಡಿಯಬಾರದೆಂದು ಆದೇಶಿಸಿದ ಮೇಲೆ ಕರ್ನಾಟಕವೂ ಆ ದಾರಿ ಹಿಡಿಯಿತು. ಆದರೆ ಬಂಡೆಯ ಸಂದಿಯಲ್ಲಿ ಮನೆ ಮಾಡಿಕೊಂಡಿರುವ ಮುರುಮೀನು, ಕೊಂಕಣಿಯವರ ಗೋಬ್ರೊ, ಒಮ್ಮೆ ನೆಲೆಸಿದ ದಿಬ್ಬದ ಆಸುಪಾಸಿನಲ್ಲೇ ಬಾಳುತ್ತದೆ. ದೊಡ್ಡದಾದಷ್ಟೂ ಅದು ಇಡುವ ಮೊಟ್ಟೆ ಮೈಯ ತೂಕಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಅಂಥ ಮುದಿ ಮೀನು ಬದುಕಲು ಜಾಗದ ಗೆರೆಯೇ ಬೇಕು. ಮುರುಡೇಶ್ವರದಿಂದ ಹತ್ತು ನಾಟಿಕಲ್ ಮೈಲಿ ಆಚೆ ಇರುವ ನೇತ್ರಾಣಿಯ ಹವಳ–ಬಂಡೆಗಳು ಅಂಥ ಜಾಗ. ಅಲ್ಲಿಗೆ ಹರಕೆಯ ಆಡು ಒಯ್ದು ಬಿಟ್ಟುಬರುವ ಮೀನುಗಾರರಿಗೆ ಅದು ಎಂದೋ ದೇವರ ಜಾಗ. ಅದೇ ದ್ವೀಪದ ಬಂಡೆಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದು ಇನ್ನೊಂದು ಕಥೆ.

ಅಳಿಸಿಹೋದ ಹಳೆಯ ಗೆರೆ

ಹೊಸ ಗೆರೆಯ ಬಗ್ಗೆ ನಾಡದೋಣಿಯವರಿಗೆ ನಂಬಿಕೆ ಬರದಿರಲು ಹಳೆಯ ಗೆರೆಯೊಂದಿದೆ. 1970ರ ದಶಕದವರೆಗೆ ಕರಾವಳಿಯ ದೊಡ್ಡ ಮೀನುಗಾರಿಕೆ ಎಂದರೆ ರಾಂಪಣಿ. ದೋಣಿಯಲ್ಲಿ ಬಲೆ ಒಯ್ದು ಬಂಗುಡೆಯ ಹಿಂಡನ್ನು ಬಳಸಿ, ಎರಡೂ ತುದಿ ದಡಕ್ಕೆ ತಂದು, ಊರಿಗೆ ಊರೇ ನಿಂತು ಎಳೆಯುವ ಬಲೆ ಅದು. ಬಂದದ್ದರಲ್ಲಿ ಎಲ್ಲರಿಗೂ ಪಾಲು. ದಶಕದ ನಡುವೆ ಪರ್ಸೀನ್ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ನಡುಗಡಲಲ್ಲಿ ಸುತ್ತಿ ಎತ್ತಿತು. ಕೆಲವೇ ವರ್ಷಗಳಲ್ಲಿ ರಾಂಪಣಿ ಕಣ್ಮರೆಯಾಯಿತು. ಈಗ ಉಳಿದಿರುವುದು ಅದರ ಸಣ್ಣ ಕುಡಿ ಕೈರಂಪಣಿ. ಜಗಳ, ಹೊಡೆದಾಟಗಳ ಬೆನ್ನಿಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದು, ದಡದ ಹತ್ತಿರದ ನೀರು ಸಾಂಪ್ರದಾಯಿಕ ದೋಣಿಗಳಿಗೆಂದು ಮೀಸಲಾಯಿತು.

ಅದೂ ಒಂದು ಜಾಗದ ಗೆರೆಯೇ. ಕಾದವರು ಕಡಿಮೆ. ಜೋಡಿ ಬೋಟು ಸೇರಿ ಎಳೆಯುವ ಬುಲ್‌ಟ್ರಾಲ್, ರಾತ್ರಿ ಪ್ರಖರ ದೀಪ ಉರಿಸಿ ಮೀನು ಸೇರಿಸುವ ಲೈಟ್ ಫಿಶಿಂಗ್ ಎರಡನ್ನೂ ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆಮೇಲೂ ಅವೇ ದೂರುಗಳ ಮನವಿಪತ್ರ ಹಿಡಿದು ನಾಡದೋಣಿಯವರು ಮೀನುಗಾರಿಕಾ ಇಲಾಖೆಯ ಕಚೇರಿಗೆ ಅಲೆಯುತ್ತಿದ್ದಾರೆ. ನಮ್ಮನ್ನು ಕಾಯಬೇಕಿದ್ದ ಗೆರೆ ಕಾಯದವರು ನಮ್ಮನ್ನು ತಡೆಯುವ ಗೆರೆಯನ್ನು ಮಾತ್ರ ನಿಷ್ಠೆಯಿಂದ ಕಾಯುತ್ತಾರೆಯೇ ಎಂಬುದು ಅವರ ಅನುಮಾನ. ಇದಕ್ಕೆ ಉತ್ತರ ಕೊಡದೆ ಹೊನ್ನಾವರದ ಧಾಮದ ಬಗ್ಗೆ ಎಷ್ಟು ಜಾಗೃತಿ ಶಿಬಿರ ಮಾಡಿದರೂ ಊಟದ ಪೊಟ್ಟಣವಷ್ಟೇ ಖರ್ಚಾದೀತು.

ಹಾಗೆಂದು ದಡದವರು ಕಾವಲಿಗೆ ಬೆನ್ನು ತಿರುಗಿಸಿದವರಲ್ಲ. ಕುಮಟಾ ಬದಿಯ ಅಘನಾಶಿನಿ ಅಳಿವೆಯನ್ನು ನೋಡಿ. ಇಳಿತದ ಹೊತ್ತಿಗೆ ತೆರೆದುಕೊಳ್ಳುವ ದಿಬ್ಬಗಳಲ್ಲಿ ಬಳಚು ಆರಿಸುವವರ ಸಾಲು ಇಂದಿಗೂ ಕಾಣುತ್ತದೆ. ತದಡಿಯಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಎದ್ದುನಿಂತವರಲ್ಲಿ ಈ ಜನವೂ ಇದ್ದರು, ಯೋಜನೆಯನ್ನು ಕೈಬಿಡಲಾಯಿತು. ಅವರು ಆವತ್ತು ಸುಮ್ಮನಿದ್ದಿದ್ದರೆ 2024ರಲ್ಲಿ 4,801 ಹೆಕ್ಟೇರಿನ ಈ ಅಳಿವೆ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರುವ ಪ್ರಶ್ನೆಯೇ ಇರುತ್ತಿರಲಿಲ್ಲ. ರಾಮ್ಸಾರ್ ನಿಯಮ ಆರಿಸುವವರನ್ನು ಓಡಿಸುವುದೂ ಇಲ್ಲ, ವಿವೇಕದ ಬಳಕೆಗೆ ಅಲ್ಲಿ ಜಾಗವಿದೆ. ಅತಿಯಾಗಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೊಲ್ಲಂನ ಅಷ್ಟಮುಡಿ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿ ಬಳಚಿನ ಇಳುವರಿ ಕುಸಿಯಿತು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ರಜೆ, ಬಲೆಯ ಕಣ್ಣಿಗೆ ಅಳತೆ ಎಂದು ಕಟ್ಟುನಿಟ್ಟು ಮಾಡಿದ ಮೇಲೆ ಚೇತರಿಸಿಕೊಂಡಿತು. 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಎಂಎಸ್‌ಸಿ ಪ್ರಮಾಣಪತ್ರ ಪಡೆದ ದೇಶದ ಮೊದಲ ಮೀನುಗಾರಿಕೆ ಅದೇ.

ಕಾನೂನಿನಲ್ಲೂ ಕಿಂಡಿಗಳಿವೆ. ವನ್ಯಜೀವಿ ಕಾಯ್ದೆಯ 26ಎ ಕಲಮನ್ನು ಪೂರ್ತಿ ಓದಿದವರು ಕಡಿಮೆ. ಕಡಲಿನ ಭಾಗವನ್ನು ಅಭಯಾರಣ್ಯಕ್ಕೆ ಸೇರಿಸುವಾಗ ನೌಕಾಪಡೆಯ ಜಲಮಾಪನ ಮುಖ್ಯಸ್ಥರೊಡನೆ ಸಮಾಲೋಚಿಸಬೇಕು, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ತಕ್ಕ ಕ್ರಮ ಕೈಗೊಂಡ ಮೇಲೆಯೇ ಎಲ್ಲೆ ಗುರುತಿಸಬೇಕು ಎನ್ನುತ್ತದೆ ಅದು. ಎಂದರೆ ಮಾತುಕತೆ ದಾಕ್ಷಿಣ್ಯದ ವಿಷಯವಲ್ಲ, ಕಾನೂನಿನ ಷರತ್ತು. 2002ರ ತಿದ್ದುಪಡಿ ತಂದ ‘ಸಮುದಾಯ ಮೀಸಲು’ ಎಂಬ ಬಗೆಯೂ ಇದೆ. ಕೇರಳದ ಕಡಲುಂಡಿ ಅಳಿವೆ 2007ರಿಂದ ಅಂಥದೊಂದು ಮೀಸಲಾಗಿದೆ, ಊರವರ ಕಸುಬೂ ಅಲ್ಲೇ ನಡೆದಿದೆ.

ಹೊನ್ನಾವರದಲ್ಲಿ ಈ ಎಲ್ಲ ಎಳೆಗಳೂ ಕೆಲವೇ ಕಿಲೋಮೀಟರಿನೊಳಗೆ ಗಂಟು ಬಿದ್ದಿವೆ. ಕಾಸರಕೋಡಿನ ಒಂದು ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮನ್ನಣೆ. ಮಗ್ಗುಲಿನ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ, ಅದರ ವಿರುದ್ಧ ವರ್ಷಗಳಿಂದ ಮೀನುಗಾರರ ಹೋರಾಟ. ದಕ್ಷಿಣಕ್ಕೆ ಸರಿದರೆ ಹೊಸ ಕಡಲಧಾಮ. ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವವರು, ನಾಯಿ ಬಗೆಯದಂತೆ ಕಾಯುವವರು ಅಲ್ಲಿನ ಮೀನುಗಾರ ಕುಟುಂಬದವರು. ಬಂದರಿನ ವಿರುದ್ಧದ ವಾದದಲ್ಲಿ ಆಮೆ ಅವರ ಪರ ಸಾಕ್ಷಿಯೂ ಹೌದು. ನಾಳೆ ಧಾಮದ ನಿಯಮ ಬಿಗಿಯಾದಾಗ ಅದೇ ಆಮೆ ಎದುರುಪಕ್ಷದ ಸಾಕ್ಷಿಯಾಗಬಹುದೆಂಬ ಅಳುಕೂ ಇದೆ.

ಮೊಟ್ಟೆ ಮರಿಯಾಗಲು 45ರಿಂದ 60 ದಿನ ಬೇಕು, ಹೆಚ್ಚುಕಡಿಮೆ ಮಳೆಗಾಲದ ರಜೆಯಷ್ಟು. ಮರಿಗಳು ಹೆಚ್ಚಾಗಿ ಏಳುವುದು ರಾತ್ರಿ. ಮರಳು ಮೊದಲು ಸ್ವಲ್ಪ ಕುಸಿಯುತ್ತದೆ, ಆಮೇಲೆ ಒಂದು ಮೂತಿ, ಹಿಂದೆಯೇ ಇಡೀ ಗುಂಪು. ಬೆಳಕು ಕಂಡತ್ತ ಹೊರಡುವ ಜೀವ ಅದು. ದಡದಲ್ಲಿ ದೀಪವಿದ್ದರೆ ಕಡಲು ಬಿಟ್ಟು ರಸ್ತೆಗೆ ನಡೆದುಬಿಡುತ್ತದೆ. ಹಾಗಾಗಿ ಗೂಡಿನ ಬಳಿ ನಿಂತವರು ಟಾರ್ಚ್ ಆರಿಸಿ, ಬೀಡಿಯನ್ನೂ ಮರಳಿಗೆ ಒತ್ತಿ, ತೆರೆಯ ನೊರೆ ಬೆಳ್ಳಗೆ ಕಾಣುವ ಕಡೆಗೆ ಅವು ಹೊರಳುವವರೆಗೆ ಕತ್ತಲಲ್ಲೇ ಕಾಯುತ್ತಾರೆ.